ಅನ್ನ ಬಿಟ್ಟು ಮೂರು ತಿಂಗಳು, ದಿನಾ ವಾಕಿಂಗ್, ಆದರೂ ತಕ್ಕಡಿ ಮುಳ್ಳು ಅಲ್ಲಾಡುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಬೋರೆ ದಾರಿಯವಳು (ಚಿಕ್ಕಮಗಳೂರು), ಮೇ 17

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಬೇರೆಯವರು ಬರೆದದ್ದನ್ನು ಓದಿಕೊಂಡು ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ತಕ್ಕಡಿ ಮೇಲಿಂದ ಇಳಿದಾಗ ಅಳುವೇ ಬಂದುಬಿಟ್ಟಿತು, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ನನಗೆ 41 ವರ್ಷ, ಎತ್ತರ 156 ಸೆಂ.ಮೀ. ಹುಟ್ಟಿದ್ದು ಕೊಪ್ಪದ ಹತ್ತಿರದ ಹಳ್ಳಿ, ಮದುವೆಯಾಗಿ ಚಿಕ್ಕಮಗಳೂರು ಪೇಟೆಗೆ ಬಂದು 17 ವರ್ಷ ಆಯಿತು. ಸಂಕ್ರಾಂತಿ ಕಳೆದ ಮೇಲೆ ಸುಸ್ತು ಅಂತ ಡಾಕ್ಟರ ಹತ್ತಿರ ಹೋದಾಗ ತೂಕ 73 ಕೆ.ಜಿ. ಇತ್ತು. ಖಾಲಿ ಹೊಟ್ಟೆಯ ಶುಗರ್ 108, ಎಚ್‌ಬಿಎ1ಸಿ 5.9 (ಅದು ಎರಡು ಮೂರು ತಿಂಗಳ ಸರಾಸರಿ ಶುಗರ್ ಲೆಕ್ಕ). ಥೈರಾಯ್ಡ್ ಕೂಡ ನೋಡಿಸಿದೆ, ನಾರ್ಮಲ್. "ಇನ್ನೂ ಶುಗರ್ ಬಂದಿಲ್ಲ, ಬಾಗಿಲಲ್ಲಿ ಬಂದು ನಿಂತಿದೆ, ತೂಕ ಇಳಿಸಿ" ಅಂದರು. ಹೇಗೆ ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು. ನಮ್ಮಮ್ಮನಿಗೆ 50ಕ್ಕೇ ಶುಗರ್ ಬಂದಿತ್ತು, ಹಾಗಾಗಿ ನನಗೆ ಒಳಗೊಳಗೇ ಹೆದರಿಕೆ.

ಫೆಬ್ರವರಿಯಿಂದ ಶುರು ಮಾಡಿದೆ. ಅನ್ನ ಪೂರ್ತಿ ಬಿಟ್ಟೆ. ನಮ್ಮ ಮಲೆನಾಡಿನವರಿಗೆ ಅನ್ನ ಬಿಡೋದು ಅಂದ್ರೆ ಏನು ಅಂತ ಗೊತ್ತಲ್ವಾ, ಬೆಳಿಗ್ಗೆ ಕಡುಬೋ ಅಕ್ಕಿ ರೊಟ್ಟಿಯೋ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ಎಲ್ಲ ಅಕ್ಕಿಯೇ. ಈಗ ಎರಡು ಹೊತ್ತೂ ರಾಗಿ ಮುದ್ದೆ, ಸೊಪ್ಪಿನ ಸಾರು. ಬೆಳಿಗ್ಗೆ ಎರಡು ಚಪಾತಿ, ಇಲ್ಲದಿದ್ದರೆ ಉಪ್ಪಿಟ್ಟು. ದಿನಾ ಆರು ಗಂಟೆಗೆ ನಮ್ಮೂರಿನ ಗುಡ್ಡ ರತ್ನಗಿರಿ ಬೋರೆಗೆ ಹೋಗಿ 45 ನಿಮಿಷ ನಡೆಯುತ್ತೇನೆ, ಭಾನುವಾರವೂ ಬಿಟ್ಟಿಲ್ಲ. ಮೊದಲ ತಿಂಗಳು 3 ಕೆ.ಜಿ. ಇಳಿದೆ, ಖುಷಿಯೋ ಖುಷಿ. ಆಮೇಲಿನ ಎರಡು ತಿಂಗಳಲ್ಲಿ ಬರೀ ಅರ್ಧ ಕೆ.ಜಿ. ಈಗ 69.5ಕ್ಕೆ ಮುಳ್ಳು ಅಂಟಿಕೊಂಡು ಕೂತಿದೆ.

ರಾತ್ರಿ ಊಟವನ್ನೂ ಬಿಟ್ಟುಬಿಡಲಾ? ಪಕ್ಕದ ಬೀದಿಯವರೊಬ್ಬರು ಹಾಲಿಗೆ ಹಾಕಿ ಕುಡಿಯುವ ಶೇಕ್ ಪುಡಿ ಮಾರುತ್ತಾರೆ, ತಿಂಗಳಿಗೆ ನಾಲ್ಕೂವರೆ ಸಾವಿರ. ತಗೊಳ್ಳಲಾ ಬೇಡವಾ? ಇನ್ನೊಂದು ಚಿಂತೆ, ಜೂನ್‌ನಲ್ಲಿ ಮಳೆ ಹಿಡಿದರೆ ಬೋರೆಗೂ ಹೋಗುವ ಹಾಗಿಲ್ಲ. ಇಳಿದದ್ದೆಲ್ಲ ವಾಪಸ್ ಬಂದುಬಿಡುತ್ತೆ ಅಂತ ಭಯ.

ಮುದ್ದೆ ಪ್ರಿಯ (ಹಾಸನ), ಮೇ 17

ಅಕ್ಕಾ, ಮೊದಲು ನಿಮ್ಮ ಮುದ್ದೆ ಎಷ್ಟು ದಪ್ಪ ಹೇಳಿ. ತಮಾಷೆಗೆ ಕೇಳುತ್ತಿಲ್ಲ. ನಾನು ಮುದ್ದೆ ತಿಂದುಕೊಂಡೇ 88 ಕೆ.ಜಿ. ಆದವನು, ನನಗೆ ಇದರ ಒಳಗುಟ್ಟು ಗೊತ್ತು.

ನಮ್ಮದು ಚನ್ನರಾಯಪಟ್ಟಣದ ಕಡೆ. ಅಪ್ಪ ಬೆಳಿಗ್ಗೆ ಎರಡು ಮುದ್ದೆ, ರಾತ್ರಿ ಎರಡು ಮುದ್ದೆ ನುಂಗಿ ಎಪ್ಪತ್ತು ವರ್ಷ ಕಡ್ಡಿಯಂಗೆ ಇದ್ದರು. ನಾನೂ ಅದೇ ಲೆಕ್ಕದಲ್ಲಿ ಎರಡು ಮುದ್ದೆ ಹೊಡೆದು ಆಫೀಸಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಅಪ್ಪ ಮುದ್ದೆ ತಿಂದು ಮಧ್ಯಾಹ್ನದವರೆಗೆ ನೇಗಿಲು ಕಟ್ಟಿ ಉಳುತ್ತಿದ್ದರು ಅನ್ನೋದನ್ನು ಮಾತ್ರ ನಾನು ಮರೆತಿದ್ದೆ.

ಒಂದು ದಿನ ಮನೆಯವಳು ಮುದ್ದೆಗೆ ಹಾಕುವ ಹಿಟ್ಟನ್ನು ತೂಕ ಮಾಡಿ ನೋಡಿದೆ, ಮಕ್ಕಳು ನಕ್ಕಿದ್ದೇ ನಕ್ಕಿದ್ದು. ನನ್ನ ಒಂದು ಮುದ್ದೆಗೆ 120 ಗ್ರಾಂ ಹಿಟ್ಟು. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ ಇದೆ, ನೂರು ಗ್ರಾಂ ಅಕ್ಕಿಯಲ್ಲಿ 350ರ ಹತ್ತಿರ. ಅಷ್ಟೇ ವ್ಯತ್ಯಾಸ! ಅಂದ್ರೆ ಎರಡು ಮುದ್ದೆ ಅಂದ್ರೆ ಏಳುನೂರೈವತ್ತಕ್ಕೂ ಮೇಲೆ, ಸಾರು ಬಿಟ್ಟು. ರಾಗಿ ಒಳ್ಳೇದೇ, ಇಲ್ಲ ಅಂದವರ ಬಾಯಿ ಮುಚ್ಚಿಸುತ್ತೇನೆ. ನೂರು ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. ನಾರೂ ಜಾಸ್ತಿ. ಆದರೆ ಮುದ್ದೆ ತಿಂದರೆ ತೂಕ ಇಳಿಯುತ್ತೆ ಅನ್ನೋದು ನಮ್ಮ ಹಾಸನ ಮಂಡ್ಯದವರು ಬೆಂಗಳೂರಿನವರಿಗೆ ಕಟ್ಟಿದ ಕತೆ.

ಇನ್ನೊಂದು ವಿಷಯ, ಮುದ್ದೆಯನ್ನು ಅಗಿಯಲ್ಲ, ನುಂಗುತ್ತೇವೆ. ಹೊಟ್ಟೆ ತುಂಬಿತು ಅಂತ ತಲೆಗೆ ಗೊತ್ತಾಗುವ ಹೊತ್ತಿಗೆ ಎರಡನೇದು ಒಳಗೆ ಹೋಗಿರುತ್ತದೆ. ನಾನು ಒಂದು ಚಿಕ್ಕ ಮುದ್ದೆಗೆ ಇಳಿಸಿ, ಸಾರಿನಲ್ಲಿ ಹುರುಳಿ ಕಾಳು, ಅವರೆ ಕಾಳು ಜಾಸ್ತಿ ಮಾಡಿ, ಕಾಳನ್ನು ಮೊದಲು ತಿನ್ನಲು ಶುರು ಮಾಡಿದೆ. ಜೊತೆಗೆ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್. ಒಂಬತ್ತು ತಿಂಗಳಲ್ಲಿ 88ರಿಂದ 81. ನಿಧಾನವೇ, ಆದರೆ ವಾಪಸ್ ಬಂದಿಲ್ಲ.

ಫಿಟ್ ಆಗೋಣ ಬನ್ನಿ, ಮೇ 18

ಮೇಡಂ, ಶೇಕ್ ಬಗ್ಗೆ ಸಂಶಯ ಬೇಡ. ನಾನೇ ಆರು ವಾರದಲ್ಲಿ 8 ಕೆ.ಜಿ. ಇಳಿಸಿದ್ದೇನೆ, ನಮ್ಮ ಗುಂಪಿನಲ್ಲಿ ನೂರಾರು ಜನ ಇಳಿಸಿದ್ದಾರೆ. ಅಡುಗೆ ಮನೆಯಲ್ಲಿ ಅಳತೆ ಹಾಕಿಕೊಂಡು ಕೂರುವ ತಾಪತ್ರಯ ಇಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು, ಮಧ್ಯಾಹ್ನ ಊಟ. ಇನ್‌ಬಾಕ್ಸ್‌ಗೆ ಬನ್ನಿ, ಎಲ್ಲ ವಿವರ ಕೊಡುತ್ತೇನೆ.

ಬೇಲೂರು ಬಸ್ಸಾರು, ಮೇ 18

ಬಂದರಪ್ಪ ಇನ್‌ಬಾಕ್ಸ್‌ನವರು.

ಎರಡು ಹೊತ್ತು ಊಟ ಬಿಟ್ಟು ಹಾಲು ಕುಡಿದರೆ ಯಾರು ಬೇಕಾದ್ರೂ ಇಳಿಯುತ್ತಾರೆ ಸ್ವಾಮಿ. ಮಜ್ಜಿಗೆ ಕುಡಿದರೂ ಇಳಿಯುತ್ತಾರೆ, ಅದು ಪುಡಿಯ ಮಹಿಮೆ ಅಲ್ಲ. ನನ್ನ ಭಾಮೈದ ಇಂಥದ್ದೇ ಒಂದು ಪುಡಿ ಕುಡಿದು ನಾಲ್ಕು ತಿಂಗಳಲ್ಲಿ 9 ಕೆ.ಜಿ. ಇಳಿದ. ಅಷ್ಟೊತ್ತಿಗೆ ದುಡ್ಡೂ ಇಳಿದಿತ್ತು, ಬಿಟ್ಟ. ಮುಂದಿನ ದೀಪಾವಳಿಗೆ 11 ಕೆ.ಜಿ. ಏರಿದ್ದ. ಈಗ ಮಿಕ್ಕ ಎರಡು ಡಬ್ಬದಲ್ಲಿ ಅವರಮ್ಮ ರವೆ ತುಂಬಿಟ್ಟಿದ್ದಾರೆ. ಪುಡಿ ಕುಡಿಯುವಾಗ ಅವನು ಊಟ ಮಾಡೋದನ್ನು ಕಲಿಯಲೇ ಇಲ್ಲ, ಪುಡಿ ಬಿಟ್ಟ ದಿನ ಹಳೇ ತಟ್ಟೆಗೇ ಬಂದು ಕೂತ. ಇನ್ನೇನಾಗುತ್ತೆ?

ಅಕ್ಕ, ಆ ನಾಲ್ಕೂವರೆ ಸಾವಿರಕ್ಕೆ ಮನೆಮಂದಿಗೆಲ್ಲ ತಿಂಗಳಿಡೀ ಮೊಟ್ಟೆ, ಕಾಳು, ತರಕಾರಿ ಬರುತ್ತದೆ.

ಸೊಪ್ಪು ಕಾಳು (ಹಾಸನ ಜಿಲ್ಲೆ), ಮೇ 18

ನಾನು ಒಂದು ಆಸ್ಪತ್ರೆಯಲ್ಲಿ ಡಯಟೀಷಿಯನ್. ಇಲ್ಲಿ ಬರೆಯುವುದು ಎಲ್ಲರಿಗೂ ಅನ್ವಯಿಸುವ ಮಾತು, ನಿಮ್ಮ ರಿಪೋರ್ಟ್ ನೋಡಿ ಹೇಳಬೇಕಾದವರು ನಿಮ್ಮ ಡಾಕ್ಟರೇ. ಮುದ್ದೆ ಪ್ರಿಯರು ಅರ್ಧ ಕೆಲಸ ಮುಗಿಸಿದ್ದಾರೆ, ಉಳಿದದ್ದು ನಾನು ಹೇಳುತ್ತೇನೆ.

ಮೊದಲು ಅಳು ನಿಲ್ಲಿಸಿ. 73ರಿಂದ 69.5 ಅಂದ್ರೆ ಮೊದಲಿನ ತೂಕದಲ್ಲಿ ಹತ್ತಿರಹತ್ತಿರ ಶೇಕಡಾ 5 ಇಳಿದಿದ್ದೀರಿ. ಅಮೆರಿಕದಲ್ಲಿ ನಿಮ್ಮ ಹಾಗೆ ಶುಗರ್ ಬಾಗಿಲಲ್ಲಿ ನಿಂತಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಂದು ದೊಡ್ಡ ಅಧ್ಯಯನ ನಡೆದಿತ್ತು, ಫಲಿತಾಂಶ 2002ರಲ್ಲಿ ಬಂತು. ಒಂದು ಗುಂಪಿಗೆ ಕೊಟ್ಟ ಗುರಿ ಏನು ಗೊತ್ತಾ? ತೂಕದಲ್ಲಿ ಶೇ. 7 ಇಳಿಸಿ, ವಾರಕ್ಕೆ 150 ನಿಮಿಷ ನಡೆಯಿರಿ. ಅಷ್ಟೇ. ಸುಮಾರು ಮೂರು ವರ್ಷದಲ್ಲಿ ಆ ಗುಂಪಿನಲ್ಲಿ ಶುಗರ್ ಬರುವುದು ಶೇ. 58 ಕಡಿಮೆ ಆಯಿತು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತಗೊಂಡವರಲ್ಲಿ ಶೇ. 31. ಚೆನ್ನೈ ಕಡೆ ನಮ್ಮ ಜನರ ಮೇಲೇ ಮಾಡಿದ ಇಂಥದ್ದೇ ಅಧ್ಯಯನ 2006ರಲ್ಲಿ ಬಂತು. ಅಲ್ಲಿ ಊಟ, ನಡಿಗೆ ಸರಿ ಮಾಡಿಕೊಂಡವರಲ್ಲಿ ಶೇ. 28ರಷ್ಟು ಕಡಿಮೆ ಆಯಿತು, ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೂ ಇಲ್ಲ! ನಿಮ್ಮ ಲೆಕ್ಕದಲ್ಲಿ ಶೇ. 7 ಅಂದ್ರೆ 5 ಕೆ.ಜಿ. ಚಿಲ್ಲರೆ. ಇನ್ನು ಒಂದೂವರೆ ಕೆ.ಜಿ. ದಾರಿ ಉಳಿದಿದೆ. ಮದುವೆ ಫೋಟೋದ ತೂಕಕ್ಕೆ ಹೋಗಲೇಬೇಕು ಅಂತ ಯಾವ ಡಾಕ್ಟರೂ ಹೇಳಿಲ್ಲ.

ಇನ್ನು ಮುಳ್ಳು ಯಾಕೆ ನಿಂತಿತು ಅನ್ನೋದು. ಮೊದಲ ತಿಂಗಳ 3 ಕೆ.ಜಿ. ಪೂರ್ತಿ ಕೊಬ್ಬಲ್ಲ. ನಮ್ಮ ದೇಹ ಸಕ್ಕರೆಯ ಒಂದು ಸಣ್ಣ ದಾಸ್ತಾನನ್ನು ಲಿವರ್‌ನಲ್ಲಿ, ಮಾಂಸಖಂಡಗಳಲ್ಲಿ ಇಟ್ಟುಕೊಂಡಿರುತ್ತದೆ, ಅದರ ಹೆಸರು ಗ್ಲೈಕೋಜನ್. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ಕೂಡಲೇ ಮೊದಲು ಈ ದಾಸ್ತಾನು ಕರಗುತ್ತದೆ, ನೀರೂ ಹೋಗುತ್ತದೆ, ತಕ್ಕಡಿ ದಡದಡ ಇಳಿಯುತ್ತದೆ. ಆರು ವಾರಕ್ಕೆ ಎಂಟು ಕೆ.ಜಿ. ಅನ್ನುವ ಜಾಹೀರಾತುಗಳ ಆಟದಲ್ಲಿ ಇದರದ್ದೂ ದೊಡ್ಡ ಪಾಲಿದೆ. ಆಮೇಲೆ ಕೊಬ್ಬಿನ ಸರದಿ, ಅದು ನಿಧಾನ. ಜೊತೆಗೆ ದೇಹ ಹಗುರ ಆದಷ್ಟೂ ಅದನ್ನು ಹೊತ್ತು ನಡೆಯುವ ಖರ್ಚೂ ಕಡಿಮೆ. ಫೆಬ್ರವರಿಯಲ್ಲಿ ಕಡಿಮೆ ಅನಿಸಿದ ಊಟ ಮೇ ತಿಂಗಳಿಗೆ ಸರಿಸಮ ಆಗಿಬಿಟ್ಟಿರುತ್ತದೆ.

ಆದರೆ ನಿಮ್ಮ ಪಟ್ಟಿ ಓದಿ ನನಗೆ ನಿಜವಾಗಿ ಚಿಂತೆ ಆದದ್ದು ಬೇರೆ. ಚಪಾತಿ, ಉಪ್ಪಿಟ್ಟು, ಮುದ್ದೆ, ಸೊಪ್ಪಿನ ಸಾರು, ಮತ್ತೆ ಮುದ್ದೆ. ಪ್ರೋಟೀನ್ ಎಲ್ಲಿ? ಅಕ್ಕಿ ಹೋಗಿ ರಾಗಿ ಬಂತು, ತಟ್ಟೆ ಹಾಗೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಸಲಹೆಗಳಲ್ಲೂ ಇದೇ ಇದೆ, ಅಕ್ಕಿ ರಾಗಿ ಗೋಧಿಯಂಥ ಧಾನ್ಯದಿಂದ ಬರುವ ಕ್ಯಾಲೊರಿ ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ. 45 ಮೀರಬಾರದು ಅಂತ. ನಮ್ಮ ಮನೆಗಳಲ್ಲಿ ಅದು ಸುಲಭವಾಗಿ ಅರವತ್ತು ದಾಟುತ್ತದೆ. ದಿನಕ್ಕೆ ಬೇಕಾದ ಪ್ರೋಟೀನ್ ಕೆ.ಜಿ. ತೂಕಕ್ಕೆ 0.83 ಗ್ರಾಂ. ಇರಬೇಕಾದ ತೂಕ 55 ಅಂತ ಹಿಡಿದರೂ 45 ಗ್ರಾಂ ಆಯಿತು. ತೂಕ ಇಳಿಸುವಾಗ ಇನ್ನೂ ಸ್ವಲ್ಪ ಮೇಲಿದ್ದರೆ ಒಳ್ಳೆಯದು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಐವತ್ತು ಗ್ರಾಂ ಒಣ ಹುರುಳಿಯಲ್ಲಿ ಹತ್ತು ಹನ್ನೊಂದು ಗ್ರಾಂ. ನೂರು ಗ್ರಾಂ ಮೀನು ಅಥವಾ ಕೋಳಿಯಲ್ಲಿ ಇಪ್ಪತ್ತರ ಹತ್ತಿರ. ಮೊಸರು, ಹೆಸರುಕಾಳು, ಕಡಲೆಕಾಳು, ಸೋಯಾ ಯಾವುದಾದರೂ ಆಗಲಿ, ಪ್ರತಿ ಊಟದಲ್ಲೂ ಒಂದು ಇರಬೇಕು. ಇದಿಲ್ಲದೆ ಬರೀ ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಊಟ ಮಾಡಿದ ಮೇಲೆ ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುವ ದೊಡ್ಡ ಗೋದಾಮೇ ಮಾಂಸಖಂಡ. ನಿಮ್ಮಂಥವರು ಅದನ್ನು ಕಳೆದುಕೊಂಡರೆ ತಕ್ಕಡಿ ಇಳಿದರೂ ಶುಗರ್ ಅಂದುಕೊಂಡಷ್ಟು ಇಳಿಯದೇ ಇರಬಹುದು.

ಹಾಗಾಗಿ ವಾಕಿಂಗ್ ಜೊತೆಗೆ ವಾರಕ್ಕೆ ಎರಡು ದಿನ ಶಕ್ತಿಯ ವ್ಯಾಯಾಮ ಬೇಕು. ಜಿಮ್ ಬೇಡ. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು ಹತ್ತು ಸಲ. ಗೋಡೆಗೆ ಕೈ ಕೊಟ್ಟು ದಂಡ ಹೊಡೆಯೋದು ಹತ್ತು ಸಲ. ಹಿಮ್ಮಡಿ ಎತ್ತಿ ಇಳಿಸೋದು. ನೀರು ತುಂಬಿದ ಎರಡು ಬಾಟಲಿ ಹಿಡಿದು ಕೈ ಎತ್ತೋದು. ಇಷ್ಟನ್ನು ಮೂರು ಸುತ್ತು ಮಾಡಿದರೆ ಇಪ್ಪತ್ತು ನಿಮಿಷ.

ರಾತ್ರಿ ಊಟ ಬಿಡಬೇಡಿ, ಬೇಗ ಮುಗಿಸಿ. ಬಿಟ್ಟವರು ಹತ್ತು ಗಂಟೆಗೆ ಚೂಡಾ ಡಬ್ಬದ ಮುಂದೆ ನಿಂತಿರುವುದನ್ನು ನೋಡಿದ್ದೇನೆ, ನಾನೂ ನಿಂತಿದ್ದೇನೆ. ಇದನ್ನು ಓದುವವರಲ್ಲಿ ಯಾರಾದರೂ ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಊಟ ಬಿಡಲೇಬೇಡಿ, ಸಕ್ಕರೆ ಕುಸಿದು ಬೀಳುತ್ತೀರಿ.

ಒಂದು ಪ್ರಶ್ನೆ. ನೀವು ಊಟ ಬರೆದಿರಿ, ಕಾಫಿ ಬರೆಯಲಿಲ್ಲ. ಚಿಕ್ಕಮಗಳೂರಿನವರು ಕಾಫಿ ಕುಡಿಯಲ್ಲ ಅಂದ್ರೆ ನಾನು ನಂಬಲ್ಲ. ದಿನಕ್ಕೆ ಎಷ್ಟು ಲೋಟ, ಎಷ್ಟು ಚಮಚ ಸಕ್ಕರೆ? ಎಣ್ಣೆ ತಿಂಗಳಿಗೆ ಎಷ್ಟು, ಮನೆಯಲ್ಲಿ ಎಷ್ಟು ಜನ? ಟೈಲರ್ ಟೇಪ್ ತಗೊಂಡು ಸೊಂಟದ ಸುತ್ತಳತೆಯನ್ನೂ ನೋಡಿ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯೆ ಇಟ್ಟು, ಹೊಟ್ಟೆ ಎಳೆದುಕೊಳ್ಳದೆ ಅಳೆಯಬೇಕು. ನಮ್ಮ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಒಳಗಿರಬೇಕು.

ಬೋರೆ ದಾರಿಯವಳು, ಮೇ 20

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಅಡುಗೆಮನೆಯಲ್ಲಿ ಪತ್ತೇದಾರಿ ಮಾಡಿದೆ, ನಾಚಿಕೆ ಆಗುತ್ತಿದೆ, ಆದರೂ ಹೇಳಿಬಿಡುತ್ತೇನೆ.

ಕಾಫಿ ಐದು ಲೋಟ. ಎದ್ದ ಕೂಡಲೇ ಒಂದು, ತಿಂಡಿ ಜೊತೆ ಒಂದು, ಹನ್ನೊಂದಕ್ಕೆ ಪಕ್ಕದ ಮನೆಯವರ ಜೊತೆ ಒಂದು, ನಾಲ್ಕಕ್ಕೆ ಒಂದು, ಮನೆಯವರು ಬಂದ ಮೇಲೆ ಅವರ ಜೊತೆ ಒಂದು. ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಅಳೆದರೆ 10 ಗ್ರಾಂ ಬಂತು. ದಿನಕ್ಕೆ 50 ಗ್ರಾಂ ಸಕ್ಕರೆ! ಸಕ್ಕರೆಯದ್ದೇ 200 ಕ್ಯಾಲೊರಿ, ಹಾಲಿನದ್ದು ಇನ್ನೊಂದು 300. ಮಗಳು ಫೋನಿನಲ್ಲಿ ಲೆಕ್ಕ ಹಾಕಿ, ಅಮ್ಮ ನೀನು ಬೋರೆಯಲ್ಲಿ 45 ನಿಮಿಷ ನಡೆದರೆ ಕರಗೋದು 180ರ ಹತ್ತಿರ ಅಂದಳು. ಕಾಫಿಯನ್ನು ನಾನು ಊಟ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ನೀರು ಕುಡಿದ ಹಾಗೆ ಅದು ನಮಗೆ.

ಎಣ್ಣೆ ತಿಂಗಳಿಗೆ 5 ಲೀಟರ್ ಕ್ಯಾನು, ನಾಲ್ಕು ಜನ. ತಲೆಗೆ ದಿನಕ್ಕೆ 38 ಗ್ರಾಂ ಬೀಳುತ್ತದೆ, ಅಂದ್ರೆ 340 ಕ್ಯಾಲೊರಿ. ಕಾಯಿ ತುರಿ ಇದರಲ್ಲಿ ಸೇರಿಲ್ಲ, ಅದನ್ನು ಅಳೆಯಲು ಧೈರ್ಯ ಬರಲಿಲ್ಲ.

ಮುದ್ದೆ ಹಿಟ್ಟು ಒಂದಕ್ಕೆ 90 ಗ್ರಾಂ. ಮುದ್ದೆ ಪ್ರಿಯ ಅವರೇ, ನಿಮ್ಮಷ್ಟು ದಪ್ಪ ಇಲ್ಲ.

ಸೊಂಟ 36 ಇಂಚು, 91 ಸೆಂ.ಮೀ. ಚಿಲ್ಲರೆ. ಆದರೆ ಒಂದು ಮಜಾ ಕೇಳಿ. ನಮ್ಮ ಟೈಲರ್ ಪುಸ್ತಕದಲ್ಲಿ ಕಳೆದ ದೀಪಾವಳಿಗೆ ಚೂಡಿದಾರ್ ಹೊಲಿಸಲು ಕೊಟ್ಟ ಅಳತೆ ಇತ್ತು, ನೆನಪಾಗಿ ಹೋಗಿ ಕೇಳಿದೆ. ಅದರಲ್ಲಿ 38 ಅಂತ ಬರೆದಿದ್ದರು! ಮುಳ್ಳು ನಿಂತ ಎರಡು ತಿಂಗಳಲ್ಲಿ ಎಷ್ಟು ಇಳಿಯಿತು ಅಂತ ಈಗ ಗೊತ್ತಾಗಲ್ಲ, ಆದರೆ ರವಿಕೆ ಸಡಿಲ ಆಗಿದ್ದು ಏಪ್ರಿಲ್‌ನಲ್ಲೇ.

ನಾವು ಮೊಟ್ಟೆ ಮೀನು ತಿನ್ನುತ್ತೇವೆ, ಸೋಮವಾರ ಶನಿವಾರ ಬಿಟ್ಟು. ಆ ಎರಡು ದಿನಕ್ಕೆ ಹುರುಳಿ. ಸರಿ ಹೋಗುತ್ತಾ? ಇನ್ನು ಕಾಫಿ ಪೂರ್ತಿ ಬಿಡು ಅಂತ ಮಾತ್ರ ಹೇಳಬೇಡಿ.

ಸೊಪ್ಪು ಕಾಳು, ಮೇ 20

ಕಾಫಿ ಬಿಡಿಸಿದ ಪಾಪ ನನಗೆ ಬೇಡ, ಬಾಬಾ ಬುಡನ್ ಏಳು ಬೀಜ ತಂದ ಬೆಟ್ಟದ ಕೆಳಗೆ ಕೂತಿದ್ದೀರಿ. ಮೂರು ಲೋಟಕ್ಕೆ ಇಳಿಸಿ. ಸಕ್ಕರೆ ಒಂದೇ ಸಲ ನಿಲ್ಲಿಸಿದರೆ ನಾಲ್ಕನೇ ದಿನ ಹಳೇ ಚಮಚಕ್ಕೇ ಬರುತ್ತೀರಿ, ಹತ್ತು ದಿನಕ್ಕೊಮ್ಮೆ ಅರ್ಧ ಚಮಚ ಕಡಿಮೆ ಮಾಡುತ್ತಾ ಹೋಗಿ. ಬೆಲ್ಲ ಹಾಕಿದರೆ ಪರವಾಗಿಲ್ಲ ಅಂತ ಯಾರಾದರೂ ಹೇಳುತ್ತಾರೆ, ಶುಗರ್ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹಾಗೆ ಮೇಲಿಂದ ಹಾಕಿಕೊಳ್ಳುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೇದು, ನೀವು ಕಾಫಿಯಲ್ಲೇ ಅದರ ಎರಡರಷ್ಟು ಕುಡಿಯುತ್ತಿದ್ದಿರಿ.

ಎಣ್ಣೆ ಕ್ಯಾನು ಈ ತಿಂಗಳು 5 ಲೀಟರ್ ಬದಲು 3 ತನ್ನಿ. ಮುಗಿದರೆ ಮುಗಿಯಿತು, ತಿಂಗಳ ಕೊನೆಗೆ ಪಲ್ಯ ಬೇಯಿಸಿ ಒಗ್ಗರಣೆ ಕಮ್ಮಿ ಮಾಡಿ. ಸೋಮವಾರ ಶನಿವಾರ ಹುರುಳಿ ಚೆನ್ನಾಗಿದೆ, ಮೊಳಕೆ ಬರಿಸಿದರೆ ಇನ್ನೂ ಚೆನ್ನ. ಕಟ್ಟಿನ ಸಾರು ಮಾಡಿದರೆ ಬಸಿದ ಕಾಳು ಮನೆಯವರ ತಟ್ಟೆಗೆ ಮಾತ್ರ ಹೋಗದೆ ನಿಮ್ಮ ತಟ್ಟೆಗೂ ಬರಲಿ.

ಅಂದ ಹಾಗೆ ಮಧ್ಯಾಹ್ನ ಒಂದು ಸಣ್ಣ ಬಟ್ಟಲು ಅನ್ನ ತಿನ್ನಿ. ನೀವು ಅನ್ನದ ಆಸೆಯಲ್ಲೇ ಅರ್ಧ ಸುಸ್ತಾಗಿದ್ದೀರಿ ಅನಿಸುತ್ತದೆ.

ಹಲಸಿನ ಮರದಡಿ (ಶೃಂಗೇರಿ), ಮೇ 21

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಹಲಸಿನ ಹಣ್ಣು ತಿನ್ನಬಹುದಾ? ನನಗೂ ಇದೇ ಥರ ಎಚ್‌ಬಿಎ1ಸಿ 6.1 ಇದೆ. ಮನೆ ಹಿಂದೆ ನಾಲ್ಕು ಮರ.

ಸೊಪ್ಪು ಕಾಳು, ಮೇ 21

ನಾಲ್ಕು ತೊಳೆ ತಿನ್ನಿ, ನಾಲ್ಕು ಮರ ಅಲ್ಲ. ನಾಲ್ಕೈದು ತೊಳೆ ಅಂದ್ರೆ ಸುಮಾರು ನೂರು ಗ್ರಾಂ, 95 ಕ್ಯಾಲೊರಿ. ಊಟ ಆದ ತಕ್ಷಣ ಅದರ ಮೇಲೆ ಹೇರಬೇಡಿ, ಸಂಜೆ ತಿಂಡಿ ಬದಲು ತಿನ್ನಿ. ಹಲಸಿನ ಹಣ್ಣಿನ ಕಡುಬು, ಮುಳಕ ಬೇರೆ ಲೆಕ್ಕ, ಅದರಲ್ಲಿ ಅಕ್ಕಿ, ಬೆಲ್ಲ, ಕಾಯಿ, ಮುಳಕಕ್ಕೆ ಎಣ್ಣೆ ಬೇರೆ.

ತೋಟದ ಮನೆ (ಮೂಡಿಗೆರೆ), ಮೇ 22

ಮಳೆಗಾಲದ ಬಗ್ಗೆ ಯಾರೂ ಬರೆದಿಲ್ಲ, ಆ ಭಾಗ ನನ್ನದು.

ನಮ್ಮಲ್ಲಿ ಆರಿದ್ರಾ ಮಳೆ ಹಿಡಿದರೆ ಅಂಗಳ ದಾಟೋಕೇ ಆಗಲ್ಲ. ಕಾಫಿ ಗಿಡದ ಬುಡಕ್ಕೆ ಹೋದರೆ ಇಂಬಳ (ಜಿಗಣೆ) ಕಾಲಿಗೆ ಹತ್ತುತ್ತದೆ. ಮೂರು ತಿಂಗಳು ಒಲೆ ಮುಂದೆ ಕೂತು ಹುರಿದ ಹಲಸಿನ ಬೀಜ, ಹಪ್ಪಳ, ಬಿಸಿ ಕಾಫಿ. ನಾನು ಪ್ರತಿ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ಗೆ ನಾಲ್ಕು ಕೆ.ಜಿ. ಏರುತ್ತಿದ್ದೆ, ಕಾಫಿ ಕೊಯ್ಲಿನಲ್ಲಿ ಎರಡು ಇಳಿಯುತ್ತಿದ್ದೆ. ಹಾಗೆ ಹತ್ತು ವರ್ಷ ಲೆಕ್ಕ ಹಾಕಿ ನೋಡಿ ಎಲ್ಲಿಗೆ ಬಂದಿರಬಹುದು ಅಂತ.

ನಮ್ಮ ಅಜ್ಜಿ ಕಾಲದಲ್ಲಿ ಮಳೆಗಾಲ ಅಂದ್ರೆ ಕೂರುವ ಕಾಲ ಆಗಿರಲಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆ ನಾಟಿ, ಮೊಣಕಾಲವರೆಗೆ ಕೆಸರು, ಬಗ್ಗಿದ ಬೆನ್ನು ಸಂಜೆವರೆಗೆ. ಅದಕ್ಕೇ ಅವರು ಅಷ್ಟು ಕಡುಬು ತಿಂದು ಜೀರ್ಣಿಸಿಕೊಂಡರು. ಈಗ ನಮ್ಮ ಗದ್ದೆಗಳೆಲ್ಲ ಅಡಿಕೆ, ಶುಂಠಿ ಆಗಿವೆ, ತೋಟದ ಕೆಲಸಕ್ಕೆ ಆಳುಗಳು. ಮರಗಸಿ ಮಾಡಲು, ಅಂದ್ರೆ ನೆರಳು ಮರದ ಕೊಂಬೆ ಕಡಿಯಲು, ಏಣಿ ಹೊತ್ತು ತಿರುಗುವವರು ಅವರು, ಜೀಪಲ್ಲಿ ಹೋಗಿ ನಿಂತು ನೋಡುವವರು ನಾವು. ಕಡುಬು ಮಾತ್ರ ನಮ್ಮ ಪಾಲಿಗೆ ಹಾಗೇ ಉಳಿದಿದೆ. ನಮ್ಮ ತೋಟದಲ್ಲಿ ಹಣ್ಣು ಕುಯ್ಯುವ ಹೆಂಗಸೊಬ್ಬರು ಅರವತ್ತು ದಾಟಿದ್ದಾರೆ, ಮೂಟೆ ಹೊತ್ತು ದಿಬ್ಬ ಹತ್ತುತ್ತಾರೆ, ಬರಿಗೈಯಲ್ಲಿ ಅವರ ಹಿಂದೆ ಹತ್ತಿ ಏದುಸಿರು ಬಿಟ್ಟವನು ನಾನು. ಹಾಗಂತ ಅವರ ಬದುಕು ಆರೋಗ್ಯದ ಮಾದರಿ ಅಂತ ಹೇಳುತ್ತಿಲ್ಲ, ರಕ್ತ ಕಮ್ಮಿ ಅಂತ ಅವರಿಗೆ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ದುಡಿಮೆ ಅವರ ಪಾಲು, ಊಟ ನಮ್ಮ ಪಾಲು ಆಗಿಬಿಟ್ಟಿದೆ.

ಅಕ್ಕ, ನಾನು ಹೋದ ವರ್ಷ ಮಾಡಿದ್ದು ಇಷ್ಟು. ಮನೆಯ ಉದ್ದನೆ ಜಗಲಿ 22 ಹೆಜ್ಜೆ. ಬೆಳಿಗ್ಗೆ ರೇಡಿಯೋ ಹಾಕಿಕೊಂಡು ಅದರಲ್ಲೇ ಇಪ್ಪತ್ತು ನಿಮಿಷ ಆಚೆ ಈಚೆ. ಅಟ್ಟದ ಮೆಟ್ಟಿಲು ಹತ್ತು ಸಲ ಹತ್ತಿ ಇಳಿಯೋದು, ಕಟಕಟೆ ಹಿಡಿದುಕೊಂಡು, ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ ಜೋಪಾನ. ಆರು ಸೂರ್ಯ ನಮಸ್ಕಾರ. ಮೂರೂ ಹೊತ್ತು ಊಟ ಆದ ಮೇಲೆ ಹತ್ತು ನಿಮಿಷ ಜಗಲಿಯಲ್ಲೇ ಓಡಾಟ. ಹೋದ ಮಳೆಗಾಲ ಒಂದು ಕೆ.ಜಿ. ಏರಿದೆ, ನಾಲ್ಕಲ್ಲ. ನನಗೆ ಅದೇ ದೊಡ್ಡ ಗೆಲುವು.

ಸೊಪ್ಪು ಕಾಳು, ಮೇ 22

ಊಟ ಆದ ಮೇಲಿನ ಆ ಹತ್ತು ನಿಮಿಷ ಬಹಳ ಒಳ್ಳೇದು, ಊಟದ ನಂತರ ಏರುವ ಸಕ್ಕರೆಯನ್ನು ಅದು ತಗ್ಗಿಸುತ್ತದೆ. ಬೋರೆಗೆ ಹೋಗಲಾಗದ ದಿನ ಮೂರು ಊಟಕ್ಕೆ ಮೂರು ಸಲ ಹತ್ತತ್ತು ನಿಮಿಷ ಆದರೂ ಅರ್ಧ ಗಂಟೆ ಆಯಿತಲ್ವಾ. ಒಟ್ಟಿಗೇ ನಡೆಯಬೇಕು ಅಂತ ಕಾನೂನೇನಿಲ್ಲ.

ಫಿಟ್ ಆಗೋಣ ಬನ್ನಿ, ಮೇ 22

ಇಷ್ಟೆಲ್ಲ ಅಳತೆ ಲೆಕ್ಕ ಯಾರು ಮಾಡುತ್ತಾರೆ ಹೇಳಿ. ಎರಡು ವಾರದಲ್ಲಿ ಬಿಟ್ಟುಬಿಡುತ್ತಾರೆ.

ಮುದ್ದೆ ಪ್ರಿಯ, ಮೇ 22

ಸರ್, ಅದು ಪೂರ್ತಿ ಸುಳ್ಳಲ್ಲ. ನಾನೂ ದಿನಾ ತೂಕ ಮಾಡಲ್ಲ. ಒಂದು ವಾರ ಅಳೆದೆ, ಕೈಗೆ ಅಂದಾಜು ಸಿಕ್ಕಿತು, ತಕ್ಕಡಿ ಮತ್ತೆ ಅಂಗಡಿಗೆ ಹೋಯಿತು, ಅದು ತಮ್ಮನ ಅಂಗಡಿಯದ್ದು. ಈಗ ಮನೆಯವಳೇ ಮುದ್ದೆ ಕಟ್ಟುವಾಗ ನಿಂಬೆಹಣ್ಣಿಗಿಂತ ದೊಡ್ಡದು, ತೆಂಗಿನಕಾಯಿಗಿಂತ ಚಿಕ್ಕದು ಅಂತ ರೇಗಿಸಿಕೊಂಡು ಕಟ್ಟುತ್ತಾಳೆ.

ಬೋರೆ ದಾರಿಯವಳು, ಜುಲೈ 21

ಎರಡು ತಿಂಗಳಾದ ಮೇಲೆ ಬಂದಿದ್ದೇನೆ. ಹೊರಗೆ ಹೊಯ್ಯುತ್ತಿದೆ, ಕರೆಂಟ್ ಬೆಳಿಗ್ಗೆಯಿಂದ ಇಲ್ಲ, ಫೋನ್ ಚಾರ್ಜ್ ಇರುವಷ್ಟು ಬರೆಯುತ್ತೇನೆ.

ತೂಕ 68.2. ತಕ್ಕಡಿ ದಿನಾ ಹತ್ತುವುದು ಬಿಟ್ಟೆ, ಭಾನುವಾರ ಮಾತ್ರ. ಸೊಂಟ 35 ಇಂಚು. ಇನ್ನೂ 80 ಸೆಂ.ಮೀ.ಗೆ ದೂರ ಇದೆ, ಗೊತ್ತು. ಕಾಫಿ ಮೂರು ಲೋಟ, ಮುಕ್ಕಾಲು ಚಮಚ ಸಕ್ಕರೆ. ಮೊನ್ನೆ ನೆಂಟರ ಮನೆಯಲ್ಲಿ ಹಳೇ ಥರದ ಕಾಫಿ ಕೊಟ್ಟರು, ಪಾಯಸ ಕುಡಿದ ಹಾಗಾಯಿತು, ಎರಡು ತಿಂಗಳ ಹಿಂದೆ ಇದನ್ನೇ ಕುಡಿಯುತ್ತಿದ್ದೆನಾ ಅಂತ ಆಶ್ಚರ್ಯ. ಎಣ್ಣೆ 3 ಲೀಟರಿಗೆ ಬಂದಿಲ್ಲ, ಮೂರೂಮುಕ್ಕಾಲಿಗೆ ನಿಂತಿದೆ, ಮನೆಯವರಿಗೆ ಸಂಡಿಗೆ ಕರಿಯದಿದ್ದರೆ ಮಳೆಗಾಲ ಬಂದ ಹಾಗೇ ಆಗಲ್ಲವಂತೆ. ಮಧ್ಯಾಹ್ನ ಒಂದು ಬಟ್ಟಲು ಅನ್ನ, ಮೊಟ್ಟೆಯೋ ಮೀನೋ ಹುರುಳಿಯೋ. ರಾತ್ರಿ ಮುದ್ದೆ. ಶೇಕ್‌ನವರಿಗೆ ಬೇಡ ಅಂದೆ, ಈಗ ದಾರಿಯಲ್ಲಿ ಸಿಕ್ಕರೆ ಮಾತಾಡಿಸಲ್ಲ. ಶುಗರ್ ಮತ್ತೆ ನೋಡಿಸೋದು ಆಗಸ್ಟ್‌ನಲ್ಲಿ.

ಕುರ್ಚಿ ವ್ಯಾಯಾಮ ಮೊದಲ ದಿನ ಆರು ಸಲಕ್ಕೇ ತೊಡೆ ನಡುಗಿತು. ಮೂರು ತಿಂಗಳು ಬೋರೆ ಹತ್ತಿದ ಕಾಲು ಅಂತ ನನಗೆ ಜಂಬ ಇತ್ತು! ಈಗ ಹದಿನೈದು ಸಲ, ಮೂರು ಸುತ್ತು. ಅತ್ತೆ ಮೊದಲು ನಗುತ್ತಾ ನೋಡುತ್ತಿದ್ದರು, ಈಗ ನನಗೂ ಒಂದು ಕುರ್ಚಿ ಹಾಕು ಅನ್ನುತ್ತಿದ್ದಾರೆ. ಅವರಿಗೆ 68, ಮಂಡಿ ನೋವಿದೆ, ನೆಲದಿಂದ ಏಳುವಾಗ ಗೋಡೆ ಹಿಡಿಯುತ್ತಾರೆ. ಅವರಿಗೆ ಇದನ್ನು ಮಾಡಿಸಬಹುದಾ?

ಸೊಪ್ಪು ಕಾಳು, ಜುಲೈ 22

ಮಾಡಿಸಿ. ಗೋಡೆಗೆ ಒತ್ತಿದ ಗಟ್ಟಿ ಕುರ್ಚಿ ಇರಲಿ, ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಮೇಲೆ ಒಂದು ಗಟ್ಟಿ ದಿಂಬು ಹಾಕಿ ಎತ್ತರ ಮಾಡಿ. ಕೈ ಊರಿಕೊಂಡೇ ಏಳಲಿ. ಮೊದಲ ವಾರ ಐದೇ ಸಲ, ದಿನ ಬಿಟ್ಟು ದಿನ. ತೊಡೆ ಸ್ವಲ್ಪ ನೊಂದರೆ ಪರವಾಗಿಲ್ಲ. ಮಂಡಿ ಊದಿಕೊಂಡರೆ, ನೋವು ಮಾರನೇ ದಿನಕ್ಕೂ ಜಾಸ್ತಿ ಇದ್ದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಸಲೀಸಾಗಿ ಹತ್ತು ಸಲ ಎದ್ದ ದಿನ ದಿಂಬು ತೆಗೆಯಿರಿ.